ಇಪ್ಪತ್ತಮೂರನೆಯ ಮನೆ

ನನ್ನ ಗಂಡ ಕ್ಲೆಮ್ ಟಿನ್‌ಪಾಟ್ ಕ್ರೀಕ್ ಸ್ವಯಂಸೇವಕ ಅಗ್ನಿಶಾಮಕ ದಳದ ಕ್ಯಾಪ್ಟನ್, ಹತ್ತೊಂಬತ್ತು ವರ್ಷದಿಂದ. ಈ ಕಣಿವೆಯಲ್ಲಿ ಯಾರ ಸೂರಿನಂಚಿನ ಮಳೆನೀರಿನ ದಂಬೆಯಲ್ಲಿ ಎಷ್ಟು ಒಣಗೆಲೆ ತುಂಬಿದೆ, ಯಾರ ಸೌದೆ ರಾಶಿ ಗೋಡೆಗೆ ಆತುಕೊಂಡಿದೆ, ಯಾರ ನೀರಿನ ಪೈಪು ಹಿತ್ತಿಲವರೆಗೆ ಮುಟ್ಟುವುದಿಲ್ಲ, ಎಲ್ಲವೂ ಅವನ ನಾಲಿಗೆ ತುದಿಯಲ್ಲಿದೆ. ತನ್ನ ಮನೆಯದೊಂದು ಬಿಟ್ಟು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದವಳು ನಾನು.

ನಮ್ಮ ಜಗಲಿಗೆ ಒತ್ತಿಕೊಂಡು ಒಂದು ಮರದ ದೋಣಿಯಿದೆ. ಸಮುದ್ರ ಇಲ್ಲಿಂದ ಐದು ಗಂಟೆ ದಾರಿ. ಕ್ಲೆಮ್ ಹದಿನೈದು ವರ್ಷದಿಂದ ಅದನ್ನು ಕಟ್ಟುತ್ತಲೇ ಇದ್ದಾನೆ. ಅದರ ಹೊಟ್ಟೆ ತುಂಬ ಮರದ ಹೊಟ್ಟು, ಟರ್ಪೆಂಟೈನ್ ಡಬ್ಬ, ವಾರ್ನಿಷ್ ಒರೆಸಿದ ಚಿಂದಿ, ಮೇಲೊಂದು ನೀಲಿ ತಾಡಪಾಲು. ಬೇರೆಯವರ ಜಗಲಿಯಲ್ಲಿ ಇಂಥದ್ದು ಕಂಡಿದ್ದರೆ ಅವನು ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದ. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ.

ಕಳೆದ ಜನವರಿಯಲ್ಲಿ, ಅಂದರೆ ನಮ್ಮ ಕಡೆಯ ನಡುಬೇಸಿಗೆಯಲ್ಲಿ, ಬಿಸಿಗಾಳಿ ಬೀಸಿದ ದಿನ, ಆ ದೋಣಿಗೆ ಬೆಂಕಿ ಬಿದ್ದಿತ್ತು. ಕ್ಲೆಮ್ ದಳದ ಲಾರಿ ಹತ್ತಿ ಗುಡ್ಡದಾಚೆ ಡಂಕನ್‌ನ ಕುರಿ ಕೊಟ್ಟಿಗೆ ಉಳಿಸಲು ಹೋಗಿದ್ದ. ನಾನು ಎಂದಿನಂತೆ ಮನೆಯಲ್ಲಿ ಕುಳಿತು ಕಣಿವೆಯ ಉಳಿದ ಇಪ್ಪತ್ತೆರಡು ಮನೆಗೂ ಫೋನ್ ಮಾಡುತ್ತಿದ್ದೆ. ದಳದ ಕಾರ್ಯದರ್ಶಿಯಾದ ನನ್ನ ಕೆಲಸ ಅದು. "ಬಕೆಟ್ ತುಂಬಿಸಿದಿರಾ? ಹೊರಡ್ತೀರೋ, ಇರ್ತೀರೋ?" ಹದಿನಾಲ್ಕನೆಯ ಮನೆಯವರ ಜೊತೆ ಮಾತಾಡುತ್ತಿರುವಾಗಲೇ ಗಾಳಿಯಲ್ಲಿ ಕೆಂಡ ತೇಲಿ ಬಂತು. ನಮ್ಮ ಮನೆಯ ನೀರಿನ ಪಂಪು ಎಬ್ಬಿಸಲು ಅದರ ಹಗ್ಗ ಎಳೆದೇ ಎಳೆದೆ, ಅದು ಕೆಮ್ಮಲೂ ಇಲ್ಲ. ಅದರ ಸ್ಪಾರ್ಕ್ ಪ್ಲಗ್ಗನ್ನು ಕ್ಲೆಮ್ ದಳದ ಪಂಪಿಗೆ ಬಿಚ್ಚಿಕೊಂಡು ಹೋಗಿದ್ದ. ಒದ್ದೆ ಗೋಣಿಚೀಲದಿಂದ ಬಡಿದು ಬಡಿದು ಆರಿಸಿದೆ. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಆಮೇಲೆ ತಾಡಪಾಲಿನ ತೂತಿಗೆ ಹಸಿರು ತೇಪೆ ಹಾಕಿದೆ, ಅವನಿಗೆ ಹೇಳಲಿಲ್ಲ. ಅವನು ಅಂದಿನಿಂದ ದೋಣಿಯ ಕಡೆ ತಲೆ ಹಾಕಿಯೂ ಇರಲಿಲ್ಲ.

ಈಗ ಮತ್ತೆ ಸೆಪ್ಟೆಂಬರ್. ಬೇಸಿಗೆ ಏರುವ ಮುಂಚೆ ಒಂದು ಭಾನುವಾರ ನಮ್ಮಲ್ಲೊಂದು ಪದ್ಧತಿ ಇದೆ. ಎಲ್ಲ ಮನೆಗಳ ಹೆಸರು ಬರೆದು ತಗ್ಗು ಬಿದ್ದ ಹಳೆಯ ಹೆಲ್ಮೆಟ್ಟಿಗೆ ಹಾಕುತ್ತೇವೆ. ಯಾರ ಚೀಟಿ ಬಂತೋ ಅವರ ಮನೆಗೆ ಇಡೀ ದಳ ಕುಂಟೆ, ಗರಗಸ, ಏಣಿ ಹೊತ್ತು ನುಗ್ಗುತ್ತದೆ. ನಿಯಮ ಎರಡೇ: ಹೆಸರು ಬಂದವರು ಬೇಡವೆನ್ನುವಂತಿಲ್ಲ, ದಳ ತೆಗೆ ಎಂದದ್ದನ್ನು ಅವತ್ತೇ ತೆಗೆಯಬೇಕು. ಎರಡನ್ನೂ ಮಾಡಿದವನು ಕ್ಲೆಮ್. ಹೋದ ವರ್ಷ ವಿನ್ನಿ ಅಜ್ಜಿ ತನ್ನ ಕಿಟಕಿಯ ಕೆಳಗಿನ ಪೊದೆಗಾಗಿ ಕಣ್ಣೀರು ಹಾಕಿದಳು. ಅವನು ಕರಗಲಿಲ್ಲ.

ಚೀಟಿ ಬರೆಯುವವಳು ನಾನೇ. ನಮ್ಮ ಮನೆ ಮಾತ್ರ ಎಂದೂ ಬರೆದಿರಲಿಲ್ಲ. "ಬೇಡ ಕಣೇ, ಕ್ಯಾಪ್ಟನ್ ತನ್ನ ಮನೆಗೇ ಜನ ಕರೆಸಿಕೊಂಡ ಅಂತಾರೆ" ಎಂದು ಅವನ ಅಪ್ಪಣೆ. ಈ ವರ್ಷವೂ ಇಪ್ಪತ್ತೆರಡು ಚೀಟಿ ಬರೆದೆ. ಇಪ್ಪತ್ತೆರಡರಲ್ಲೂ ನಮ್ಮದೇ ಹೆಸರು.

ದಳದ ಶೆಡ್ಡಿನಲ್ಲಿ ವಿನ್ನಿ ಅಜ್ಜಿ ಹೆಲ್ಮೆಟ್ಟಿಗೆ ಕೈ ಹಾಕಿದಳು. ಎಂಬತ್ತನಾಲ್ಕು ವರ್ಷದ ಹಿರಿಯಳೆಂದು ಆ ಮರ್ಯಾದೆ ಅವಳಿಗೇ. ಕನ್ನಡಕ ಏರಿಸಿ ಓದಿದಳು.

"ಕ್ಲೆಮ್ ಮತ್ತು ಗ್ಲೆನಿಸ್."

"ನಮ್ದು ಅದ್ರಲ್ಲಿ ಇಲ್ವೇ ಇಲ್ಲ," ಎಂದ ಕ್ಲೆಮ್. "ಇನ್ನೊಂದು ತೆಗಿ ವಿನ್ನಿ."

"ಕ್ಲೆಮ್ ಮತ್ತು ಗ್ಲೆನಿಸ್."

"ಇನ್ನೊಂದು."

"ಇದೂ ನೀವೇ ಕಣಪ್ಪ."

ಉಪಕ್ಯಾಪ್ಟನ್ ಡಂಕನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಗುರೂ, ಬೇರೆಯವ್ರನ್ನೆಲ್ಲ ಊರು ಬಿಡಿಸಿಬಿಟ್ಯಾ?"

ಕ್ಲೆಮ್ ನನ್ನ ಕಡೆ ತಿರುಗಿದ. ನಾನು ಬಹಳ ಶ್ರದ್ಧೆಯಿಂದ ಚಹಾದ ಕೆಟಲಿನೊಳಗೆ ನೋಡುತ್ತಿದ್ದೆ.

"ಗ್ಲೆನಿಸ್, ಇದು ಮೋಸ."

"ಹೌದು, ಮೋಸಾನೇ."

"ಹಾಗಾದ್ರೆ ಇದು ಲೆಕ್ಕಕ್ಕಿಲ್ಲ."

"ಯಾಕಿಲ್ಲ?" ವಿನ್ನಿ ಅಜ್ಜಿ ಊರುಗೋಲು ಕುಟ್ಟಿದಳು. "ಹೆಸ್ರು ಬಂದವ್ರು ಬೇಡ ಅನ್ನೋ ಹಾಗಿಲ್ಲ. ನನ್ನ ಗಿಡ ಕಡಿಸೋವಾಗ ನೀನೇ ಹೇಳಿದ್ದು ಕಣೋ. ನಡಿ, ಲಾರಿ ಹತ್ತು!"

ಹಬ್ಬಕ್ಕೆ ಹೊರಟವರಂತೆ ಎಲ್ಲರೂ ಹೊರಟರು. ಹತ್ತು ನಿಮಿಷದಲ್ಲಿ ಡಂಕನ್ ನಮ್ಮ ಸೂರಿನ ಮೇಲಿದ್ದ. ದಂಬೆಯಲ್ಲಿ ಎಲೆ ಕೊಳೆತು ಮಣ್ಣಾಗಿ, ಅದರಲ್ಲಿ ಗೇಣುದ್ದದ ನೀಲಗಿರಿ ಸಸಿ ಹುಟ್ಟಿತ್ತು. ಅದನ್ನು ಕಿತ್ತು ಎತ್ತಿ ಹಿಡಿದ. "ಕ್ಯಾಪ್ಟನ್, ಮೇಲೆ ತೋಟ ಮಾಡಿದೀಯಾ, ನಮಗೊಂದು ಮಾತು ಹೇಳ್ಬಾರ್ದಾ!" ಕ್ಲೆಮ್ ನಗಲು ಪ್ರಯತ್ನಿಸಿದ, ಕಿವಿ ಮಾತ್ರ ಕೆಂಪಾಯಿತು. ಸೌದೆ ರಾಶಿ ದೂರ ಹೋಯಿತು, ಒಣಹುಲ್ಲು ಹೋಯಿತು. ಕೊನೆಗೆ ಉಳಿದದ್ದು ದೋಣಿ. ಅವನು ಅದರ ಮುಂದೆ ಕೈ ಚಾಚಿ ನಿಂತ.

"ಇದೊಂದು ಬಿಟ್ಬಿಡಿ. ಈ ವರ್ಷ ಮುಗಿಸ್ತೀನಿ."

"ಹದಿನೈದು ವರ್ಷದಿಂದ ಈ ವರ್ಷಾನೇ ನಡೀತಿದೆ," ಎಂದೆ.

"ಸರಿ, ಬಣ್ಣ ಕೆರೆದೀರಿ, ನಾನೇ ಬಿಚ್ತೀನಿ," ಎಂದು ಗೊಣಗುತ್ತ ತಾಡಪಾಲು ಎತ್ತಿದ. ಎತ್ತಿದವನು ಹಾಗೇ ನಿಂತ. ಹಸಿರು ತೇಪೆಯ ಒಳಮಗ್ಗುಲಲ್ಲಿ ಕಪ್ಪು ಅಂಚಿನ ತೂತು, ಅದರ ಕೆಳಗೆ ಹಲಗೆಯ ಮೇಲೆ ಅಂಗೈಯಗಲ ಸುಟ್ಟ ಗುರುತು. ಕೆಂಡ ಬಿದ್ದ ಗುರುತನ್ನು ಅವನಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ.

"ಇದು ಯಾವಾಗ?"

"ಜನವರಿ. ನೀನು ಡಂಕನ್ ಕೊಟ್ಟಿಗೇಲಿದ್ದೆ."

"ಪಂಪು?"

"ಪ್ಲಗ್ ಇರ್ಲಿಲ್ಲ. ಗೋಣಿಚೀಲದಲ್ಲಿ ಬಡಿದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮುಂದಿನ ಸಲ ನೀನು ಹೋಗ್ತಿರ್ಲಿಲ್ಲ. ನೀನು ಹೋಗ್ಬೇಕು ಕ್ಲೆಮ್. ಅಷ್ಟು ಕುರಿ ಉಳಿದ್ವಲ್ಲ. ಆದ್ರೆ ನಾನೂ ಉಳೀಬೇಕು."

ಡಂಕನ್ ಏಣಿಯಿಂದ ಇಳಿದು ಬಂದು, ಟೋಪಿ ತೆಗೆದು ಕೆಳಗಿಟ್ಟು, ದೋಣಿಯ ಮೂತಿ ಹಿಡಿದ. "ಮುಂದಿನ ತುದಿ ನನ್ದು," ಎಂದ.

ಕ್ಲೆಮ್ ಮಾತ್ರ ಲಾರಿಯ ಕಡೆ ನಡೆದ. ಹೊಸ ಪ್ಲಗ್ ತಂದು ನಮ್ಮ ಪಂಪಿಗೆ ಕೂರಿಸಿ, ಹಗ್ಗವನ್ನು ನನ್ನ ಕೈಗೆ ಕೊಟ್ಟ. ಮೂರು ಸಲ ಎಳೆದರೂ ಆಗಲಿಲ್ಲ. ನಾಲ್ಕನೆಯ ಸಲ ಪಂಪು ಅರಚಿಕೊಂಡು ಎದ್ದಿತು. ಪೈಪಿನ ಮೂತಿ ಸೂರಿನ ಕಡೆಗೇ ಹಿಡಿದಿದ್ದೆ. ಮೊದಲ ನೀರು ಡಂಕನ್‌ಗೆ ಹೇಗೆ ಬಿತ್ತೋ ದೇವರೇ ಬಲ್ಲ.

ಹೊಟ್ಟು, ಚಿಂದಿ, ಡಬ್ಬಗಳನ್ನೆಲ್ಲ ಖಾಲಿ ಮಾಡಿ ಹನ್ನೊಂದು ಜನ ದೋಣಿ ಹೊತ್ತರು. ಎಲ್ಲಿಡುವುದು ಎಂಬುದಕ್ಕೆ ಚರ್ಚೆಯೇ ಬೇಕಾಗಲಿಲ್ಲ. ಮನೆಯ ಹಿಂದೆ ದನ ನೀರು ಕುಡಿಯುವ ಕೆರೆಯಿದೆ, ದೋಣಿಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಕ್ಲೆಮ್ ಮತ್ತು ಡಂಕನ್ ಹತ್ತಿ ಕುಳಿತರು. ದಡದಿಂದ ನೂಕಿದೆವು. ದೋಣಿ ತೇಲಿತು! ಹದಿನೈದು ವರ್ಷದ ಮೇಲೆ ಅದು ನೀರಿನಲ್ಲಿ ತೇಲುವುದನ್ನು ಕಂಡು ನಾನೂ ಚಪ್ಪಾಳೆ ತಟ್ಟಿದೆ. ಬಾತುಕೋಳಿಗಳು ಬೈಯುತ್ತ ದಡ ಹತ್ತಿದವು.

"ಗುರೂ, ನನ್ನ ಕಾಲು ಒದ್ದೆ ಆಗ್ತಿದೆ," ಎಂದ ಡಂಕನ್.

"ಒಣ ಮರ ಅಲ್ವಾ, ನೀರು ಕುಡಿದು ಊದಿದ್ರೆ ಬಿರುಕೆಲ್ಲ ತಾನೇ ಮುಚ್ಕೊಳ್ಳುತ್ತೆ!"

"ಎಷ್ಟು ಹೊತ್ತಿಗೆ?"

"ಒಂದು ವಾರ!"

ಆಗಲೇ ನೀರು ಇಬ್ಬರ ಮೊಣಕಾಲಿಗೆ ಬಂದಿತ್ತು. ಕ್ಯಾಪ್ಟನ್ ನೆಟ್ಟಗೆ ಕುಳಿತೇ ಇದ್ದ. ವಿನ್ನಿ ಅಜ್ಜಿ ನಗುವ ಭರದಲ್ಲಿ ಕೈಯಲ್ಲಿದ್ದ ಸಾಸೇಜನ್ನು ಬ್ರೆಡ್ಡಿನ ಸಮೇತ ಕೆರೆಗೆ ಬೀಳಿಸಿದಳು. ದೋಣಿಗೆ ಕಟ್ಟಿದ್ದ ಹಗ್ಗ ಜಗ್ಗಿ ದಡಕ್ಕೆ ಎಳೆದು, ಕೆರೆಯವರೆಗೆ ತಂದಿದ್ದ ನನ್ನ ಪಂಪಿನ ನೀರು ಹೀರುವ ಪೈಪನ್ನು ಅದರೊಳಗೆ ಇಳಿಸಿದೆ. ಈ ಸಲ ಒಂದೇ ಎಳೆತಕ್ಕೆ ಎದ್ದಿತು.

"ಗಾಬರಿ ಬೇಡಿ ಕ್ಯಾಪ್ಟನ್," ಎಂದು ಕೂಗಿದೆ. "ದಳ ಬಂದಿದೆ!"

ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ. ಕ್ಲೆಮ್ ಸೊಂಟದವರೆಗೆ ಒದ್ದೆಯಾಗಿ, ದಡದಲ್ಲಿ ಬಿದ್ದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಸ್ವಲ್ಪ ಹೊತ್ತಿಗೆ ಅದು ನಗುವಿನ ನೀರಲ್ಲ ಎಂದು ನನಗೆ ತಿಳಿಯಿತು. ಪಕ್ಕದಲ್ಲಿ ಹೋಗಿ ಕುಳಿತೆ.

ಬುಧವಾರ ಶೆಡ್ಡಿನಲ್ಲಿ ತರಬೇತಿ. ಗೋಡೆಯ ಕಪ್ಪುಹಲಗೆಯಲ್ಲಿ ಅಪಾಯದ ದಿನ ಫೋನ್ ಮಾಡಬೇಕಾದ ಇಪ್ಪತ್ತೆರಡು ಮನೆಗಳ ಪಟ್ಟಿ ನನ್ನ ಕೈಬರಹದಲ್ಲಿತ್ತು. ಅದರ ಕೆಳಗೆ ಕ್ಲೆಮ್‌ನ ಕೋಳಿಕಾಲಿನಂಥ ಅಕ್ಷರ: ಇಪ್ಪತ್ತಮೂರು, ಗ್ಲೆನಿಸ್.

"ಕೊನೇಲಿ ಯಾಕೆ ಹಾಕಿದೆ?" ಎಂದು ಡಂಕನ್ ಕೇಳಿದ.

"ಮೇಲಿನ ಇಪ್ಪತ್ತೆರಡಕ್ಕೂ ಫೋನ್ ಮಾಡೋಳು ಅವಳು," ಎಂದ ಕ್ಲೆಮ್, ಪಂಪು ಒರೆಸುತ್ತ. "ಅವಳಿಗೆ ಮಾಡೋನು ನಾನು."

ನವೆಂಬರಿನಲ್ಲಿ ಮೊದಲ ಬಿಸಿಗಾಳಿ ಎದ್ದಿತು. ಕ್ಲೆಮ್ ಲಾರಿ ಹತ್ತಿ ಹೋದ. ನಾನು ವಿನ್ನಿ ಅಜ್ಜಿಯಿಂದ ಶುರುಮಾಡಿ ಇಪ್ಪತ್ತೆರಡೂ ಮನೆಗೆ ಮಾತಾಡಿ ಫೋನ್ ಕೆಳಗಿಟ್ಟೆ. ಇಟ್ಟ ಕೈ ತೆಗೆಯುವ ಮೊದಲೇ ಅದು ಬಡಿದುಕೊಂಡಿತು.

"ಇಪ್ಪತ್ತಮೂರು, ಪಂಪು ಹೇಗಿದೆ?"

ಕಿಟಕಿಯಾಚೆ ಕೆರೆಯಲ್ಲಿ ದೋಣಿ ಒಂದು ಹನಿ ನೀರೂ ಒಳಗೆ ಬಿಟ್ಟುಕೊಳ್ಳದೆ ತೇಲುತ್ತಿತ್ತು.

"ಒಂದೇ ಎಳೆತಕ್ಕೆ ಎದ್ದಿದೆ," ಎಂದೆ. "ನೀನು ಹೋಗಿ ಬಾ."