ಹೀಗೇ ಇರಲಿ

ದಾರಿಯಾಚೆಯ ಹೊಲದಲ್ಲಿ ಈರುಳ್ಳಿ ಕೀಳುತ್ತಿದ್ದವರು ಬಿಸಿಲಿಗೆ ತಲೆಗೆ ಬಟ್ಟೆ ಸುತ್ತಿಕೊಂಡೇ ಅಂಗಳಕ್ಕೆ ಬರುತ್ತಿದ್ದಾಗ, ಮೆಕ್ಯಾನಿಕ್ ಹಳೆಯ ಪಿಕಪ್ಪಿನ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿ ತಡಕಾಡುತ್ತಿದ್ದ. ಗಾಡಿಯ ಯಜಮಾನನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಹೊಸ್ತಿಲಲ್ಲಿ ಕೂತ ಅವನ ಹೆಂಡತಿಗೆ ಬಂದವರ ಮುಖಗಳೆಲ್ಲ ನೀರಿನಡಿಯಿಂದ ನೋಡಿದಂತೆ ತೇಲುತ್ತಿದ್ದವು.

"ಅತ್ತಿಗೆ, ಮಸಣಕ್ಕೆ ಬೇರೆ ವ್ಯಾನ್ ಹೇಳ್ತೀನಿ," ಎಂದ ಮೈದುನ. "ಆ ಕ್ಯಾಬಿನ್ ಕಾದ ಕಾವಲಿ. ಹೋದ ಬೇಸಿಗೇಲಿ ನೀವು ಅದರಲ್ಲೇ ಕಣ್ಣುಕತ್ತಲೆ ಬಂದು ಬಿದ್ರಿ."

"ಅವರು ಅವರ ಗಾಡೀಲೇ ಹೋಗಲಿ. ನಾನೂ ಜೊತೆಗೆ ಬರ್ತೀನಿ."

"ಹಿಂದೆ ಹತ್ತೋಕೆ ನಿಮ್ಮ ಮಂಡಿ ಬಗ್ಗಲ್ಲ, ಮುಂದೆ ಕೂರೋಕೆ ಜೀವ ತಡೆಯಲ್ಲ. ಆ ಸೆಕೆ ನಿಲ್ಲದಿದ್ರೆ ನೀವು ಮನೇಲೇ ಉಳೀಬೇಕಷ್ಟೆ."

"ಇದರಲ್ಲಿ ಮೊಟ್ಟೆ ಇಟ್ರೆ ಪೇಟೆ ಸೇರೋದ್ರೊಳಗೆ ಮರಿ ಆಗತ್ತೆ ಕಣಯ್ಯ ಅಂತಿದ್ದೆ," ಎಂದ ನೆರೆಮನೆಯ ಮುದುಕ. "ರಿಪೇರಿ ಮಾಡಿಸೋ ಅಂದ್ರೆ ನಗೋನು. ಜಿಪುಣ."

ಅವಳೂ ಎಷ್ಟೋ ಸಲ ಹಾಗೇ ಅಂದಿದ್ದಳು.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. "ಅಕ್ಕ, ಇದು ಕೆಟ್ಟಿದ್ದಲ್ಲ. ಎಂಜಿನ್ನಿನ ಬಿಸಿನೀರು ಹೀಟರಿಗೆ ಬಿಡೋ ವಾಲ್ವನ್ನ ತಂತಿ ಸುತ್ತಿ ತೆರೆದಿಟ್ಟಿದಾರೆ. ಒಳಗೆಲ್ಲ ತುಕ್ಕು. ತಂತಿ ತೆಗೆದ್ರೆ ಮುಚ್ಚಿಕೊಳ್ಳತ್ತೆ, ಆದ್ರೆ ಮತ್ತೆ ತೆರೆಯಲ್ಲ. ಅದು ಗೊತ್ತಿದ್ದೇ ಬಿಚ್ಚದೆ ಬಿಟ್ಟಿದಾರೆ."

*

ಎಷ್ಟೋ ವರ್ಷಗಳ ಹಿಂದಿನ, ಮಂಜು ಕವಿದ ಬೆಳಗು. ಆಸ್ಪತ್ರೆಯಿಂದ ಗಂಡ ಹೆಂಡತಿ ಇಬ್ಬರೇ ಮರಳುತ್ತಿದ್ದರು, ಮಗು ಉಳಿದಿರಲಿಲ್ಲ. ಅವಳ ಪಾದಗಳು ತನ್ನವೇ ಅಲ್ಲವೆಂಬಷ್ಟು ತಣ್ಣಗಿದ್ದವು. ಅವನು ದಾರಿಬದಿಗೆ ಗಾಡಿ ನಿಲ್ಲಿಸಿ, ಇಳಿದು ಬಾನೆಟ್ ಎತ್ತಿದ. ತಿರುಗಿ ಬಂದಾಗ ಬೆರಳು ತರಚಿತ್ತು. ಕಾಲಬುಡದಿಂದ ಬಿಸಿ ಮೆಲ್ಲಗೆ ಏರತೊಡಗಿತು.

"ಸಾಕಾ?"

"ಹೀಗೇ ಇರಲಿ," ಎಂದು ನಿದ್ದೆಗಣ್ಣಲ್ಲಿ ಅಂದಿದ್ದಳು.

"ಇರುತ್ತೆ ಬಿಡು."

ಆಮೇಲಿನ ಬೇಸಿಗೆಗಳಲ್ಲೆಲ್ಲ ಅವನು ಒದ್ದೆ ಟವೆಲ್ ಕುತ್ತಿಗೆಗೆ ಹಾಕಿಕೊಂಡು ಗಾಡಿ ಓಡಿಸಿದ.

*

"ಕತ್ತರಿಸಲಾ, ಅಕ್ಕ?"

ಅವಳು ಒಳಗೆ ನೋಡಿದಳು. ಅವನ ಮುಖದ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು.

"ಕತ್ತರಿಸಪ್ಪ. ನಾನು ಹೋಗಬೇಕು."

ಹಿಂದೆ ಅವನನ್ನು ಮಲಗಿಸಿ ನಾಲ್ವರು ಹತ್ತಿದರು. ಅವಳು ಮುಂದೆ ಕೂತಳು, ಮೈದುನ ಸ್ಟೀರಿಂಗ್ ಹಿಡಿದ. ಗಾಡಿ ಹೊರಟಾಗ ಗಾಳಿ ತಣ್ಣಗೆ ನುಗ್ಗಿತು. ಬೆಳಗಿನಿಂದ ಎಂಜಿನ್ ಓಡಿಸಿ ನೋಡಿದ್ದರಿಂದ ಕಾಲ್ಕೆಳಗಿನ ತಗಡಿನಲ್ಲಿ ಮಾತ್ರ ಕಾವು ಉಳಿದಿತ್ತು. ಅವಳು ಚಪ್ಪಲಿ ಕಳಚಿ ಎರಡೂ ಪಾದ ಅದರ ಮೇಲೆ ಊರಿದಳು.

"ಸೆಕೆ ಹೋಯ್ತಲ್ಲ, ಅತ್ತಿಗೆ."

"ನಿಧಾನ ಹೋಗು," ಎಂದಳು. "ಇನ್ನೂ ಆರಿಲ್ಲ."

ಮುಂದಿನ ದಾರಿ ಖಾಲಿಯಿತ್ತು. ಮೈದುನ ಗೇರ್ ಇಳಿಸಿದ.