ನಂಜಪ್ಪನ ಕಿವಿಗೆ ಕೇಳದ ಜ್ವರ

ಬಾಣಾವರದ ನಂಜಪ್ಪ ಕೊಬ್ಬರಿ ವ್ಯಾಪಾರಿ. ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆಯದೆಯೇ ಒಳಗಿನ ಕೊಬ್ಬರಿಯ ಜಾತಕ ಹೇಳುತ್ತಿದ್ದ. ಒಮ್ಮೆ ಸ್ಟೇಷನ್ನಿನಲ್ಲಿ ನಿಂತವನು, ಹಾದುಹೋದ ಗೂಡ್ಸ್ ರೈಲಿನ ಏಳನೇ ಡಬ್ಬಿಯಲ್ಲಿ ಕೊಳೆತ ಕೊಬ್ಬರಿಯಿದೆ ಎಂದ. ರೈಲು ನಿಲ್ಲಲಿಲ್ಲ, ಹಾಗಾಗಿ ಅದು ಸುಳ್ಳೆಂದು ಇವತ್ತಿಗೂ ಯಾರೂ ಸಾಬೀತು ಮಾಡಿಲ್ಲ.

ಅಂಥವನಿಗೆ ತನ್ನೊಳಗೇ ಏನು ಕೂತಿದೆಯೆಂದು ಆರು ವಾರದಿಂದ ಗೊತ್ತಾಗಿರಲಿಲ್ಲ. ಸಂಜೆಯಾದರೆ ಜ್ವರ, ಬೆಳಗಾದರೆ ಬೆವರು. ಅರಸೀಕೆರೆಯ ಡಾಕ್ಟರ್ ಉಷಾರಾಣಿ ಮಲೇರಿಯಾ, ಟೈಫಾಯ್ಡ್ ಎಲ್ಲ ಪರೀಕ್ಷೆ ಮಾಡಿಸಿದರು. ಯಾವುದೂ ಅಲ್ಲ. ಮೂರನೇ ಸಲ ಹೋದಾಗ ಪೆನ್ನು ಕೆಳಗಿಟ್ಟು ಕೇಳಿದರು.

"ನಂಜಪ್ಪೋರೇ, ಮನೇಲಿ ಹಸು ಇದೆಯಾ?"

"ಹಿಂಡಾಕೆ ಕೂತ್ರೆ ಕೆರೆ ಏರಿ ಒಡ್ದಂಗೆ ಮೇಡಂ."

"ಕಂದು ಹಾಕಿತ್ತಾ?"

ನಂಜಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ಆ ಹಸುವನ್ನು ಜಂಬದಿಂದ ಆರಿಸಿ ತಂದವನು ಅವನೇ. ಎರಡು ತಿಂಗಳ ಹಿಂದೆ ಅದು ದಿನ ತುಂಬುವ ಮೊದಲೇ ಸತ್ತ ಕರು ಹಾಕಿದಾಗ, ಊರವರ ನಗೆಗೆ ಹೆದರಿ, ಬರಿಗೈಯಲ್ಲೇ ಎಳೆದು ತೋಟದಲ್ಲಿ ಹೂತಿದ್ದ.

"ಒಂದ್ಸಲ... ಅದ್ಕೂ ನನ್ ಜ್ವರಕ್ಕೂ ಏನ್ ನೆಂಟಸ್ತನ?"

"ನಮ್ಮ ಮೈಯಲ್ಲಿ ಕಾವಲು ಕಣ ಇರ್ತವೆ. ರೋಗಾಣು ಸಿಕ್ಕಿದ್ರೆ ನುಂಗಿ, ಒಳಗಿನ ಚೀಲದಲ್ಲಿ ಒಡೀತವೆ. ಆ ಚೂರು ತಗುಲಿದಾಗ ಬಂದಿರೋದು ಕಳ್ಳ ಅಂತ ಗೊತ್ತಾಗಿ, ಉಳಿದವರನ್ನ ಕೂಗ್ತವೆ."

"ಕೂಗ್ಲಿ ಬಿಡಿ."

"ಹಸು ಕಂದು ಹಾಕಿಸೋ ರೋಗಾಣು ಮನುಷ್ಯರಿಗೂ ಅಂಟುತ್ತೆ, ಅದು ಸುಲಭಕ್ಕೆ ಒಡೆಯಲ್ಲ. ಅದರ ಮೇಲ್ಸಿಪ್ಪೆ ಕಾವಲಿನವರಿಗೆ ಸರಿಯಾಗಿ ಗುರುತೂ ಸಿಗಲ್ಲ. ನುಂಗಿದವನ ಹೊಟ್ಟೇಲೇ ಕೂತು ಮರಿ ಮಾಡುತ್ತೆ."

"ಊಟ, ವಸ್ತಿ ಎಲ್ಲಾ ಅಲ್ಲೇನಾ?"

"ತಮಾಷೆ ಅಲ್ಲ ಕಣ್ರೀ. ಬೇರೆ ಪರೀಕ್ಷೆ ಮಾಡಿಸೋಣ. ಅದೇ ಆಗಿದ್ರೆ ಔಷಧಿ ಇದೆ. ಹಾಲು ಕಾಯಿಸಿ ತಾನೇ ಕುಡಿಯೋದು?"

ನಂಜಪ್ಪ ಜೇಬಿನ ಫೋನಿಗೆ ಕೈ ಹಾಕಿದ. ಹೆರಿಗೆಗೆಂದು ಮನೆಗೆ ಬಂದ ಮಗಳು ಮೇಘಶ್ರೀಗೆ ಏಳು ತಿಂಗಳು. ಬಸುರಿಗೆ ಪುಷ್ಟಿಯೆಂದು, ಕೆಚ್ಚಲ ಬಿಸಿ ಆರದ ನೊರೆಹಾಲನ್ನು ದಿನಾ ಲೋಟ ತುಂಬ ಕೊಡುತ್ತಿದ್ದವನು ಅವನೇ.

"ಮೇಡಂ, ಬಸುರೀರು ಕುಡುದ್ರೆ..."

"ಮಗು ಉಳಿಯೋದೇ ಕಷ್ಟ ಆಗಬಹುದು. ಯಾರು? ಇವತ್ತೇ ಕರೆಸಿ."

ನಂಜಪ್ಪ ಮಗಳ ನಂಬರ್ ಒತ್ತಿದ.

"ಮೇಘಾ, ಹಾಲು ಕುಡುದ್ಯೇನವ್ವಾ?"

"ಎರಡು ಲೋಟ ಅಪ್ಪಾಜಿ. ನೀವಿಲ್ಲ ಅಂತ ಅಮ್ಮ ನಿಮ್ದೂ ನನಗೇ ಕುಡಿಸಿದ್ರು. ಯಾಕೆ?"

"ಆ ಹಸು ಕಂದು ಹಾಕಿತ್ತು ಕಣವ್ವಾ. ನಾನೇ ಮುಚ್ಚಿಟ್ಟೆ. ಬಸ್ಸಿಗೆ ಕಾಯ್ಬೇಡ, ಆಟೋ ಮಾಡ್ಕೊಂಡು ಆಸ್ಪತ್ರೆಗೆ ಬಾ."

"ಯಾವಾಗ ಹಾಕಿದ್ದು?"

"ಎರಡು ತಿಂಗ್ಳಾತು."

ಆ ಕಡೆಯಿಂದ ಫೋನು ಕಟ್ಟಾಯಿತು. ನಂಜಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ. ಬಾಣಾವರದ ಕಡೆಯಿಂದ ಬಂದ ಪ್ರತಿ ಆಟೋಗೂ ಎದ್ದು ನಿಂತ.