ಸಂಜೆ ಹೊರಟ ಬೆಳಗಿನ ವಿಮಾನ

ಹೊರಡುವ ಹೊತ್ತಿಗೆ ಏನಾದರೊಂದು ಅಡ್ಡ ಬರದಿದ್ದರೆ ಅದು ಪ್ರಯಾಣವೇ ಅಲ್ಲ. ದರ್ಜಿಯ ಹೆಂಡತಿ ಚೀಲದ ಜಿಪ್ ಎಳೆಯುತ್ತಿದ್ದಾಗಲೇ ಫೋನಿಗೆ ಸಂದೇಶ ಬಂತು: ವಿದ್ಯುತ್ ತಂತಿಗಳ ಕಡ್ಡಾಯ ತಪಾಸಣೆ ಇದೆ, ಬೆಳಗಿನ ವಿಮಾನ ಸಂಜೆ ಹೊರಡುತ್ತದೆ. ಅವಳು ಜಿಪ್ಪನ್ನು ಅರ್ಧಕ್ಕೇ ಬಿಟ್ಟಳು. ದೂರದ ಊರಿನಲ್ಲಿರುವ ಮಗಳಿಗೆ ಚೊಚ್ಚಲ ಹೆರಿಗೆ. ವೈದ್ಯರು ಕೊಟ್ಟ ದಿನ ನಾಳೆಯೇ.

"ನಿನ್ನೆ ತಾನೆ ಹಾರಿದ ವಿಮಾನ! ಬೆಳಗಾಗೋದ್ರೊಳಗೆ ಅದಕ್ಕೇನು ರೋಗ ಬಡೀತು? ಟಿಕೆಟ್ ವಾಪಸ್ ಮಾಡು, ಬಸ್ಸಲ್ಲೇ ಹೋಗೋಣ," ಎಂದು ದರ್ಜಿ ರೇಗಿದ.

"ಬಸ್ಸಲ್ಲಿ ಎರಡು ದಿನ ಕಣ್ರೀ! ಅಷ್ಟರಲ್ಲಿ ಕೂಸಿಗೆ ನಗೋದೂ ಬಂದಿರುತ್ತೆ."

ಬಾಯಿ ಕೂಗಾಡುತ್ತಿದ್ದರೂ ದರ್ಜಿಯ ಕೈ ಸುಮ್ಮನಿರಲಿಲ್ಲ. ಪರಊರಿಗೆ ಹೋಗುವ ಮುನ್ನ ಹೊಲಿಗೆ ಮಿಷಿನ್ನಿನ ತಟ್ಟೆ ಬಿಚ್ಚಿ, ಒಳಗಿನ ನೂಲಿನ ಧೂಳನ್ನು ಬ್ರಷ್ಷಿನಿಂದ ತೆಗೆಯುವುದು ಅವನ ರೂಢಿ. ಹಿಂದೊಮ್ಮೆ ಆ ಧೂಳಿಗೆ ಕಿಡಿ ತಾಗಿ ಮೋಟಾರಿನಿಂದ ಹೊಗೆ ಎದ್ದಿತ್ತು.

ಗಲಾಟೆ ಕೇಳಿ ಮೇಲಿನ ಮನೆಯವಳು ಇಳಿದು ಬಂದಳು. ಟಾರ್ಚ್ ಹಿಡಿದು ವಿಮಾನಗಳ ತಂತಿ ಪರೀಕ್ಷಿಸುವುದೇ ಅವಳ ಉದ್ಯೋಗ. ಬೀದಿಯವರಿಗೆಲ್ಲ ಅವಳು ಟಾರ್ಚಕ್ಕ.

"ಏನಣ್ಣಾ, ವಿಮಾನದ ಮೇಲೆ ಯುದ್ಧವಾ?"

"ಕೆಟ್ಟ ಮೇಲಲ್ವೇನಮ್ಮಾ ರಿಪೇರಿ? ಓಡೋದನ್ನ ನಿಲ್ಲಿಸಿ ಏನು ನೋಡ್ತೀರಿ?"

"ಆಕಾಶದಲ್ಲಿ ಕೆಟ್ಟರೆ ಪಕ್ಕಕ್ಕೆ ನಿಲ್ಲಿಸೋಕೆ ಮರದ ನೆರಳು ಎಲ್ಲಿದೆ? ವಿಮಾನದ ಗೋಡೆಯ ಹಿಂದೆ, ನೆಲದ ಕೆಳಗೆಲ್ಲ ಮೈಲುಗಟ್ಟಲೆ ತಂತಿ ಇರುತ್ತೆ. ಹಾರುವಾಗ ನಡುಗಿ ನಡುಗಿ ಲೋಹದ ಅಂಚಿಗೆ ಉಜ್ಜುತ್ತೆ, ಹೊದಿಕೆ ಸವೆಯುತ್ತೆ. ನಮ್ಮ ಬಟ್ಟೆಯಿಂದ ಉದುರಿದ ನೂಲು, ಧೂಳು ಅದರ ಮೇಲೆ ಹಾಸಿಗೆ ಹಾಸುತ್ತೆ. ಒಂದು ಕಿಡಿ ಸಾಕು."

"ನೂಲಿನ ಧೂಳಾ?" ದರ್ಜಿಯ ಬ್ರಷ್ಷು ನಿಂತಿತು.

"ಹೂಂ. ನಿಮ್ಮ ಮಿಷಿನ್ನೂ ನಿನ್ನೆ ಚೆನ್ನಾಗೇ ಹೊಲೀತಿತ್ತಲ್ಲ, ಇವತ್ಯಾಕೆ ಬಿಚ್ಚಿದ್ರಿ?"

ದರ್ಜಿ ಬಿಚ್ಚಿದ ತಟ್ಟೆಯನ್ನೇ ತಿರುಗಿಸಿ ತಿರುಗಿಸಿ ನೋಡಿದ. ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಹೇಳ್ರೀ! ಬಾಯಿಗೆ ಗುಂಡಿ ಹೊಲ್ಕೊಂಡ್ರಾ?"

"ಸವೆದದ್ದು ಸಿಕ್ಕರೆ ಟೇಪ್ ಸುತ್ತಿ ಕಳಿಸ್ತಾರೇನೋ," ಎಂದು ಅವನು ಗೊಣಗಿದ.

"ಆ ಆಟ ನಡೆಯಲ್ಲಣ್ಣಾ. ನಿಯಮದ ಪ್ರಕಾರ ಸರಿ ಮಾಡಿ, ಬರೆದಿಟ್ಟು, ಸಹಿ ಹಾಕಬೇಕು. ಸಹಿ ಬೀಳದೆ ಚಕ್ರ ಉರುಳಲ್ಲ. ಸಹಿ ಹಾಕೋರ ಮಕ್ಕಳೂ ಅದರಲ್ಲೇ ಕೂರ್ತಾರೆ."

ಆ ಮಾತು ಹೆಂಡತಿಯ ಮನಸ್ಸಿಗೆ ನಾಟಿತು. ಮಗಳಿಗೆ ಫೋನು ಮಾಡಿದಳು. "ಸಂಜೆ ಹೊರಟು ರಾತ್ರಿಗೆ ಬರ್ತೀವಿ ಕಣೆ."

"ಬನ್ನಿ, ನಾನಿನ್ನೂ ಆರಾಮಾಗಿದೀನಿ. ಅಪ್ಪ ಕೂಗಾಡಿದ್ರಾ?"

"ಆಗಲೇ ಮುಗೀತು."

ಸಂಜೆ ವಿಮಾನ ನಿಲ್ದಾಣದಲ್ಲಿ ಯಾರೋ ಒಬ್ಬರು ತಡವಾಯಿತೆಂದು ಕೌಂಟರು ಕುಟ್ಟುತ್ತಿದ್ದರು. ದರ್ಜಿಯೇ ಹೋಗಿ ಅವರ ಹೆಗಲು ತಟ್ಟಿದ. "ಕೂತ್ಕೊಳ್ಳಿ ಸ್ವಾಮಿ. ತಡವಾಗಿ ಹೋದರೆ ಮನೆಯವರು ಬೈತಾರೆ. ಬೈಸ್ಕೊಳ್ಳೋಕೆ ನಾವು ಇರಬೇಕಲ್ಲ!"

ಮರುದಿನ ಮಧ್ಯಾಹ್ನ ಮೊಮ್ಮಗಳು ಅಜ್ಜಿಯ ಮಡಿಲಿಗೆ ಬಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ತಪಾಸಣೆಗಾಗಿ ವಿಮಾನ ತಡವಾದರೆ ಸಿಬ್ಬಂದಿಯನ್ನು ಅವಸರಪಡಿಸಬೇಡಿ. ವಿಮಾನದೊಳಗೆ ಸುಟ್ಟ ವಾಸನೆ ಬಂದರೆ, ತಂತಿ ಹೊರಗೆ ಇಣುಕಿದರೆ, ಮುಟ್ಟದೆ ತಕ್ಷಣ ಸಿಬ್ಬಂದಿಗೆ ಹೇಳಿ, ಸಂಕೋಚ ಬೇಡ. ನಿಮ್ಮ ದಾರಿ ನೋಡುವವರು ಇನ್ನೂ ಸ್ವಲ್ಪ ಹೊತ್ತು ಕಾಯುತ್ತಾರೆ. ನೀವು ಕ್ಷೇಮವಾಗಿ ತಲುಪಿ.